ಕಡತದಲ್ಲಿ ನಮ್ಮ ಸಾವಿಗೆ ಯಾವ ಹೆಸರು?

ನಮ್ಮ ಜನಕ್ಕೆ ಬರಹದ ಮೇಲೆ ಒಂದು ಹಳೆಯ ಭಯವಿದೆ. ಅದು ಸುಮ್ಮನೆ ಬಂದದ್ದಲ್ಲ. ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ಏನಿದೆ ಅನ್ನೋದು ಕೇರಿಗೆ ಗೊತ್ತಿರುತ್ತಿರಲಿಲ್ಲ. ಆದರೆ ಅದರಲ್ಲಿ ಬರೆದದ್ದೇ ಕೇರಿಯ ಹಣೆಬರಹ. ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ತಾನು ಎಷ್ಟಕ್ಕೆ ಒತ್ತಿದೆ ಅಂತ ತಿಳಿಯುತ್ತಿದ್ದದ್ದು ಮಗ ಜೀತಕ್ಕೆ ನಿಂತ ಮೇಲೆ. ಬರಹ ಅಂದರೆ ಬೇರೆಯವರು ನಮ್ಮ ಮೇಲೆ ಬರೆದದ್ದು, ನಾವು ಓದಲಾಗದ್ದು ಎಂಬ ತಿಳುವಳಿಕೆ ತಲೆಮಾರುಗಳಿಂದ ಇಳಿದು ಬಂದಿದೆ. ಅಕ್ಷರ ಕಲಿತ ಮೊದಲ ತಲೆಮಾರಿನ ನಮಗೂ ಸರ್ಕಾರಿ ಕಡತ ಕಂಡರೆ ಒಂದು ಗಳಿಗೆ ಕೈ ಹಿಂದಕ್ಕೆ ಸರಿಯುತ್ತದೆ.

ಈ ದೇಶದ ಕಡತಗಳಲ್ಲೆಲ್ಲ ದೊಡ್ಡದು ಪಾರ್ಲಿಮೆಂಟಿನ ನಡವಳಿ. 1946ರ ಡಿಸೆಂಬರ್ 9ರಂದು ಸಂವಿಧಾನ ರಚನಾ ಸಭೆ ಮೊದಲ ಸಲ ಕೂತ ದಿನದಿಂದ ಅಲ್ಲಿ ಆಡಿದ ಮಾತನ್ನೆಲ್ಲ ಬರೆದಿಟ್ಟಿದ್ದಾರೆ. ಆ ಸಭೆ ಹನ್ನೊಂದು ಅಧಿವೇಶನಗಳಲ್ಲಿ 165 ದಿನ ಕೂತಿತು. ಅಚ್ಚಾದಾಗ ಅದು 12 ಸಂಪುಟವಾಯಿತು. ಅದರ ಹಿಂದೆಯೇ ಲೋಕಸಭೆ, ರಾಜ್ಯಸಭೆಗಳ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಚರ್ಚೆ, ಪ್ರಶ್ನೆ, ಉತ್ತರ. ಒಂದು ಕಾಲಕ್ಕೆ ಇವೆಲ್ಲ ದೊಡ್ಡ ಊರಿನ ಲೈಬ್ರರಿಗಳ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ನಮ್ಮಂಥವರು ಆ ಬೀರುವಿನ ತನಕ ಹೋಗುವುದೇ ಕಷ್ಟವಿತ್ತು. ಈಗ ಹಾಗಿಲ್ಲ. ಮೊಬೈಲು ಇರುವ ಹಳ್ಳಿಯ ಮೇಷ್ಟರು, ಹಾಸ್ಟೆಲಿನ ಹುಡುಗಿ ಒಂದು ಪದ ಒತ್ತಿದರೆ ಸಾಕು, ಆ ಪದ ಯಾರ ಬಾಯಲ್ಲಿ ಯಾವ ದಿನ ಬಂತು ಅನ್ನೋದು ಬಹುಮಟ್ಟಿಗೆ ಎದುರಿಗೆ ಬಂದು ನಿಲ್ಲುತ್ತದೆ.

ಇದು ಸಣ್ಣ ಸಂಗತಿಯಲ್ಲ. ಆದರೆ ಇಲ್ಲೇ ಒಂದು ಮೋಸವೂ ಇದೆ. ಪದ ಒತ್ತಿದರೆ ಸಿಗುತ್ತದೆ, ಸರಿ. ಯಾವ ಪದ ಒತ್ತಬೇಕು? ನಾವು ನಮ್ಮ ನೋವಿಗೆ ಇಟ್ಟ ಹೆಸರೋ, ಅವರು ನಮ್ಮ ನೋವಿಗೆ ಇಟ್ಟ ಹೆಸರೋ? ಇದನ್ನು ಯಂತ್ರದ ಪ್ರಶ್ನೆ ಅಂದುಕೊಂಡವರು ಮೋಸ ಹೋಗುತ್ತಾರೆ. ಇದು ರಾಜಕೀಯದ ಪ್ರಶ್ನೆ. ಹಾಗೆಯೇ ಸಾಹಿತ್ಯ ವಿಮರ್ಶೆಯ ಪ್ರಶ್ನೆಯೂ ಹೌದು. ನವ್ಯದವರು ಒಂದು ಪದ್ಯವನ್ನು ಮುಂದಿಟ್ಟುಕೊಂಡು ಅದರ ಒಂದೊಂದು ಪದವನ್ನೂ ಹಿಂಜಿ ಹಿಂಜಿ ನೋಡುವುದನ್ನು ಕನ್ನಡಕ್ಕೆ ಕಲಿಸಿದರು. ಆ ವಿದ್ಯೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಕೇಳುತ್ತೇವೆ: ಒಬ್ಬ ವ್ಯಕ್ತಿಯ ಏಕಾಂತದ ಪದ್ಯಕ್ಕೆ ಇಷ್ಟು ಸೂಕ್ಷ್ಮ ಓದು ಸಲ್ಲುವುದಾದರೆ, ಕೋಟ್ಯಂತರ ಜನರ ಅನ್ನ, ನೀರು, ಸಾವನ್ನು ತೀರ್ಮಾನಿಸುವ ಈ ಬರಹಕ್ಕೆ ಯಾಕೆ ಸಲ್ಲಬಾರದು?

ಒಂದು ಉದಾಹರಣೆಯಿಂದಲೇ ಶುರು ಮಾಡೋಣ.

2021ರ ಜುಲೈ 28. ರಾಜ್ಯಸಭೆ. ಮಲ ಹೊರುವ ಕೆಲಸದಿಂದ ಆದ ಸಾವುಗಳ ಬಗ್ಗೆ ಪ್ರಶ್ನೆ ಹಾಕಿದವರು ಇಬ್ಬರು ಕರ್ನಾಟಕದವರು: ಒಬ್ಬರು ಮಲ್ಲಿಕಾರ್ಜುನ ಖರ್ಗೆ, ಇನ್ನೊಬ್ಬರು ಎಲ್. ಹನುಮಂತಯ್ಯ. ಹನುಮಂತಯ್ಯ ನಮ್ಮ ಕನ್ನಡದ ದಲಿತ ಕವಿ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವ ರಾಮದಾಸ್ ಆಠವಲೆ ಲಿಖಿತ ಉತ್ತರ ಕೊಟ್ಟರು. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ. ಅಂದರೆ ಸೊನ್ನೆ. ಅದೇ ಉತ್ತರದಲ್ಲಿ, ಸಮೀಕ್ಷೆಗಳಿಂದ ಗುರುತಿಸಿರುವ ಮಲ ಹೊರುವವರ ಸಂಖ್ಯೆ 66,692 ಎಂದೂ ಇತ್ತು.

ಈಗ ಐದು ತಿಂಗಳು ಹಿಂದಕ್ಕೆ ಹೋಗಿ. ಅದೇ ವರ್ಷದ ಫೆಬ್ರವರಿ, ಲೋಕಸಭೆ. ಅದೇ ಖಾತೆ, ಅದೇ ಸಚಿವರು. ಅಲ್ಲಿ ಕೊಟ್ಟ ಉತ್ತರ: 2020ರ ಡಿಸೆಂಬರ್ 31ಕ್ಕೆ ಮುಗಿದ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಮಲದ ಗುಂಡಿ ಸ್ವಚ್ಛ ಮಾಡುವಾಗ ಸತ್ತವರು 340 ಜನ.

ಸೊನ್ನೆ ಮತ್ತು 340. ಎರಡೂ ಪಾರ್ಲಿಮೆಂಟಿನ ಕಡತದಲ್ಲೇ ಇವೆ. ಎರಡಕ್ಕೂ ಒಬ್ಬರದೇ ರುಜು. ಹಾಗಾದರೆ ಸುಳ್ಳು ಯಾವುದು? ಕಾನೂನಿನ ಪುಸ್ತಕ ತೆಗೆದರೆ ಎರಡೂ ನಿಜವೇ ಅಂತ ವಾದಿಸಬಹುದು. ಇದೇ ಭಯಂಕರ. 2013ರ ಕಾನೂನು ಎರಡು ಬೇರೆ ಬೇರೆ ಪದಗಳಿಗೆ ಎರಡು ಬೇರೆ ಬೇರೆ ಅರ್ಥ ಕೊಟ್ಟಿದೆ. ಕೊಳಕು ಕಕ್ಕಸಿನಿಂದ, ತೆರೆದ ಚರಂಡಿಯಿಂದ, ರೈಲು ಹಳಿಯಿಂದ ಮಲವನ್ನು ಕೈಯಲ್ಲಿ ಬಳಿಯುವವನು ಒಂದು ಪದದ ಕೆಳಗೆ ಬರುತ್ತಾನೆ. ರಕ್ಷಣೆಯ ಸಲಕರಣೆ ಇಲ್ಲದೆ ಒಳಚರಂಡಿಗೆ, ಮಲದ ಗುಂಡಿಗೆ ಇಳಿಯುವವನು ‘ಅಪಾಯಕಾರಿ ಸ್ವಚ್ಛತೆ’ ಎಂಬ ಬೇರೆ ಪದದ ಕೆಳಗೆ ಬರುತ್ತಾನೆ. ಮಲ ಒಂದೇ, ಮೈ ಒಂದೇ, ಜಾತಿ ಒಂದೇ. ಪದ ಮಾತ್ರ ಎರಡು. ಸಾವು ಈ ಪದದಿಂದ ಆ ಪದಕ್ಕೆ ದಾಟಿಬಿಟ್ಟರೆ ಈ ಪದದ ಲೆಕ್ಕ ಸೊನ್ನೆಯಾಗುತ್ತದೆ. ಮ್ಯಾನ್‌ಹೋಲಿನಲ್ಲಿ ಉಸಿರು ಕಟ್ಟಿದವನ ಹೆಂಡತಿಗೆ ಹೋಗಿ, ‘ತಾಯಿ, ನಿನ್ನ ಗಂಡ ಸತ್ತದ್ದು ಮಲ ಹೊತ್ತು ಅಲ್ಲ, ಅಪಾಯಕಾರಿ ಸ್ವಚ್ಛತೆ ಮಾಡಿ’ ಅಂತ ಹೇಳಲು ಯಾರಿಗಾದರೂ ಬಾಯಿ ಬರುತ್ತದೆಯೇ? ಅವಳ ಮುಂದೆ ಹೇಳಲಾಗದ ಮಾತನ್ನು ದೇಶದ ಮುಂದೆ ಅಚ್ಚು ಹಾಕಿಸಿದ್ದಾರೆ.

ಹುಡುಕುವವನ ಕಷ್ಟ ಇಲ್ಲಿದೆ. ‘ಮಲ ಹೊರುವುದರಿಂದ ಸಾವು’ ಅಂತ ನಮ್ಮ ಮಾತು ಹಾಕಿ ಹುಡುಕಿದವನಿಗೆ ಸೊನ್ನೆ ಸಿಗುತ್ತದೆ. ಅವನು ಓದಿದವನಾದರೆ, ‘ಸರ್ಕಾರವೇ ಹೇಳಿದೆ, ಈ ಪದ್ಧತಿ ಈಗ ಇಲ್ಲ’ ಎಂದು ಪ್ರಬಂಧ ಬರೆಯುತ್ತಾನೆ. ಅಧಿಕಾರಿಯಾದರೆ ಕಡತ ಮುಚ್ಚುತ್ತಾನೆ. ಅವರ ಪದ ಹಾಕಿ ಹುಡುಕಿದವನಿಗೆ ಮಾತ್ರ 340 ಸಿಗುತ್ತದೆ. ಶತ್ರುವಿನ ಶಬ್ದಕೋಶ ಕಲಿಯದೆ ನಮ್ಮವರ ಹೆಣ ಹುಡುಕಲೂ ಆಗದಂಥ ಸ್ಥಿತಿ ಇದು.

ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೊಂದು ಉತ್ತರ ಬಂತು. ಈ ಸಲ ಕೇಳಿದ್ದು ಜಾತಿಯನ್ನು. ಮಲ ಹೊರುವವರೆಂದು ಗುರುತಿಸಿದವರಲ್ಲಿ ಜಾತಿಯ ವಿವರ ಸಿಕ್ಕದ್ದು 43,797 ಜನರದ್ದು. ಅದರಲ್ಲಿ ಪರಿಶಿಷ್ಟ ಜಾತಿಯವರು 42,594. ನೂರಕ್ಕೆ 97. ಇದು ಕಸುಬಿನ ಪ್ರಶ್ನೆ, ಬಡತನದ ಪ್ರಶ್ನೆ, ಜಾತಿಯನ್ನು ಯಾಕೆ ಎಳೆದು ತರುತ್ತೀರಿ ಎಂದು ನಮ್ಮ ಸಭೆಗಳಲ್ಲಿ ಎದ್ದು ನಿಂತು ಕೇಳುವ ಪ್ರಗತಿಪರ ಮಿತ್ರರಿಗೆ ಇನ್ನು ಬೇರೆ ಉತ್ತರ ಬೇಕಾಗಿಲ್ಲ. ಆದರೆ ಗಮನಿಸಬೇಕಾದ್ದು: ಈ ಸಂಖ್ಯೆ ತಾನಾಗಿ ಹೊರಗೆ ಬರಲಿಲ್ಲ. ಜಾತಿ ಕೇಳಿದ್ದಕ್ಕೆ ಜಾತಿ ಬಂತು. ಕಡತ ಬಾಯಿ ಬಿಡುವುದು ಪ್ರಶ್ನೆಯ ಅಳತೆಗೆ ತಕ್ಕಷ್ಟೇ. ಆದ್ದರಿಂದ ಉತ್ತರ ಓದುವ ಮೊದಲು ಪ್ರಶ್ನೆ ಓದಬೇಕು.

ಪದದ ಈ ಆಟ 2021ರಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಸಂವಿಧಾನ ರಚನಾ ಸಭೆಯ ನಡವಳಿಯಲ್ಲೇ ಇದೆ. 1948ರ ನವೆಂಬರ್ 29. ಆವತ್ತು ಸಭೆಯ ಮುಂದಿದ್ದದ್ದು ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿ. ಕರಡಿನಲ್ಲಿ ಅದು 11ನೆಯದು. ಇವತ್ತಿನ ಸಂವಿಧಾನದಲ್ಲಿ 17ನೆಯದು. ಮೂರು ಸಾವಿರ ವರ್ಷದ ಕೊಳೆಯನ್ನು ತೊಳೆಯುವ ವಿಧಿಯ ಮೇಲೆ ಎಷ್ಟು ದಿನ ಚರ್ಚೆ ಆಗಿರಬೇಕು ಅಂತ ನೀವು ಅಂದುಕೊಳ್ಳಬಹುದು. ಕೆಲವೇ ಪುಟಗಳಲ್ಲಿ ಮುಗಿದುಹೋಗಿದೆ. ಮುನಿಸ್ವಾಮಿ ಪಿಳ್ಳೆ ಸ್ವಾಗತಿಸಿದರು. ಬಂಗಾಳದ ಮನಮೋಹನ ದಾಸ್, ಇದು ಯಾರಿಗೋ ಕೊಡುವ ವಿಶೇಷ ಸವಲತ್ತಲ್ಲ, ದೇಶದ ಆರನೇ ಒಂದು ಪಾಲು ಜನರನ್ನು ದಾಸ್ಯದಿಂದ ಬಿಡಿಸುವ ಮಾತು ಎಂದರು. ಆ ಸಭೆಯ ಏಕೈಕ ದಲಿತ ಹೆಣ್ಣುಮಗಳು, ಕೇರಳದ ದಾಕ್ಷಾಯಣಿ ವೇಲಾಯುಧನ್, ಈ ಸಂವಿಧಾನ ನಡೆಯುವುದು ಕಾನೂನನ್ನು ಜಾರಿ ಮಾಡುವುದರಿಂದ ಮಾತ್ರ ಅಲ್ಲ, ಜನ ಮುಂದೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಿಂದ ಎಂಬರ್ಥದ ಮಾತಾಡಿದರು.

ಆದರೆ ಆವತ್ತಿನ ನಡವಳಿಯಲ್ಲಿ ನಮ್ಮ ಕಣ್ಣು ನಿಲ್ಲಬೇಕಾದ್ದು ಕೆ.ಟಿ. ಶಾ ಎತ್ತಿದ ಒಂದು ತಕರಾರಿನ ಮೇಲೆ. ಅಸ್ಪೃಶ್ಯತೆ ಅಂತ ಬರೆದಿದ್ದೀರಿ, ಆ ಪದಕ್ಕೆ ಅರ್ಥವನ್ನು ಎಲ್ಲೂ ಹೇಳಿಲ್ಲವಲ್ಲ ಎಂದರು ಅವರು. ಕೆಲವು ದಿನಗಳಲ್ಲಿ ಹೆಂಗಸರನ್ನೂ ಮುಟ್ಟಬಾರದೆನ್ನುತ್ತಾರೆ. ಅದೂ ಇದರಲ್ಲಿ ಬರುತ್ತದೋ ಎಂಬುದು ಅವರ ಪ್ರಶ್ನೆಯ ಧಾಟಿ. ಅರ್ಥವನ್ನು ಕೂಡಿಸಲಿಲ್ಲ. ವಿಧಿ ಅಂಗೀಕಾರವಾಯಿತು. ಅಂಗೀಕಾರವಾದ ಕೂಡಲೇ ಸದಸ್ಯರು ‘ಮಹಾತ್ಮಾ ಗಾಂಧಿ ಕೀ ಜೈ’ ಎಂದು ಕೂಗಿದ್ದು ನಡವಳಿಯಲ್ಲಿ ದಾಖಲಾಗಿದೆ. ಕರಡು ಸಮಿತಿಯ ಅಧ್ಯಕ್ಷರಾಗಿ ಆ ವಿಧಿಯನ್ನು ಸಭೆಯ ಮುಂದೆ ನಿಭಾಯಿಸಿದ ಮನುಷ್ಯ ಅದೇ ಮನೆಯೊಳಗೆ ಇದ್ದರು. ಅವರ ಹೆಸರಿಗೆ ಜೈಕಾರವಿಲ್ಲ. ಒಂದು ಕಡತದ ಒಂದೇ ಸಾಲು ಇಡೀ ಕಾಲದ ಮನಸ್ಸನ್ನು ಹೀಗೆ ಹಿಡಿದಿಟ್ಟಿರುತ್ತದೆ. ಒಳ್ಳೆಯ ಕಾದಂಬರಿಕಾರನಿಗೂ ಇಂಥ ಸಾಲು ಸುಲಭವಾಗಿ ಒಲಿಯದು.

ಅರ್ಥ ಹೇಳದೆ ಬಿಟ್ಟದ್ದು ತಪ್ಪೋ ಸರಿಯೋ? ಇದರಲ್ಲಿ ಎರಡು ಮಾತಿದೆ. ಅರ್ಥವನ್ನು ಬಿಗಿಯಾಗಿ ಕಟ್ಟಿದ್ದರೆ ಜಾತಿವಾದಿಗಳು ಆ ಕಟ್ಟಿನ ಆಚೆಗೆ ಹೊಸ ಹೊಸ ಅಸ್ಪೃಶ್ಯತೆ ಕಂಡುಹಿಡಿಯುತ್ತಿದ್ದರು. 2013ರ ಕಾನೂನಿನ ಎರಡು ಪದಗಳ ನಡುವೆ ಸಾವು ಸೋರಿಹೋದ ಹಾಗೆ. ಹಾಗೆ ನೋಡಿದರೆ ಬಿಚ್ಚಿ ಬಿಟ್ಟದ್ದೇ ಒಳ್ಳೆಯದು. ಆದರೆ ಬಿಚ್ಚಿ ಬಿಟ್ಟ ಪದಕ್ಕೆ ಅರ್ಥ ತುಂಬುವ ಅಧಿಕಾರ ಯಾರ ಕೈಗೆ ಹೋಯಿತು? ಕೋರ್ಟಿಗೆ. ನಮ್ಮ ಮೈಸೂರು ಹೈಕೋರ್ಟೇ ಒಂದು ತೀರ್ಪಿನಲ್ಲಿ, 1958ರ ಕಾನೂನು ವರದಿಯಲ್ಲಿ ಅದು ಅಚ್ಚಾಗಿದೆ, ಸಂವಿಧಾನದಲ್ಲಿ ಈ ಪದ ಉದ್ಧರಣೆ ಚಿಹ್ನೆಯೊಳಗೆ ಇದೆ ಎಂಬುದನ್ನು ಗುರುತಿಸಿತು. ಆದ್ದರಿಂದ ಪದದ ಬರೀ ಅರ್ಥವನ್ನಲ್ಲ, ಈ ದೇಶದ ಚರಿತ್ರೆಯಲ್ಲಿ ಬೆಳೆದು ಬಂದ ಪದ್ಧತಿಯನ್ನೇ ತೆಗೆದುಕೊಳ್ಳಬೇಕು ಎಂದಿತು. ಒಂದು ಜೊತೆ ಚಿಹ್ನೆಗೆ ಇಷ್ಟು ಬೆಲೆಯಿದೆ. ಅಕ್ಷರವಂತರಾದ ನಾವು ಚಿಹ್ನೆಯನ್ನೂ ಬಿಡದೆ ಓದಬೇಕು ಎಂದು ಹೇಳುವುದು ಇದಕ್ಕೇ.

ನಮ್ಮನ್ನು ಕರೆಯುವ ಹೆಸರಿನ ಕಥೆಯೂ ಇದೇ. ಬ್ರಿಟಿಷರ ಕಾಲದ ಶಾಸನಸಭೆಗಳ ನಡವಳಿಯಲ್ಲಿ ‘ಪರಿಶಿಷ್ಟ ಜಾತಿ’ ಎಂದು ಹುಡುಕಿದರೆ 1935ರ ಕಾಯಿದೆಗೆ ಮುಂಚೆ ನಾವು ಸಿಗುವುದಿಲ್ಲ. ಅಲ್ಲಿ ನಾವು ‘ಡಿಪ್ರೆಸ್ಡ್ ಕ್ಲಾಸಸ್’, ದಮನಿತ ವರ್ಗ. 1930ರ ದಶಕದ ನಂತರ ಎಷ್ಟೋ ಬಾಯಲ್ಲಿ ‘ಹರಿಜನ’. ಬಜೆಟ್ ಭಾಷಣಗಳಲ್ಲಿ ‘ದುರ್ಬಲ ವರ್ಗ’. ‘ದಲಿತ’ ಎಂದು ನಾವೇ ಎದೆ ತಟ್ಟಿ ಕರೆದುಕೊಂಡ ಹೆಸರನ್ನು 2018ರ ಆಗಸ್ಟ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಟಿವಿಯವರಿಗೆ ಬಳಸಬೇಡಿ ಎಂದು ಸಲಹೆ ಕೊಟ್ಟಿತು. ಪ್ರತಿ ತಲೆಮಾರಿಗೂ ನಮಗೊಂದು ಹೊಸ ಹೆಸರು ಇಟ್ಟರೆ, ಅಜ್ಜನ ಪ್ರಶ್ನೆ ಮೊಮ್ಮಗನಿಗೆ ಸಿಗುವುದಿಲ್ಲ. ಪ್ರತಿ ಸಲವೂ ನಾವು ಮೊದಲಿಂದ ಶುರು ಮಾಡಬೇಕು.

ಕಡತದೊಳಗೆ ಇರುವುದರ ಮಾತಾಯಿತು. ಇಲ್ಲದ್ದನ್ನೂ ಓದಲು ಕಲಿಯಬೇಕು. ಬಾಬಾಸಾಹೇಬರ ವಿಷಯದಲ್ಲೇ ನೋಡಿ. 1951ರ ಸೆಪ್ಟೆಂಬರ್ 27ರಂದು ಅವರು ನೆಹರೂ ಸಂಪುಟಕ್ಕೆ ರಾಜೀನಾಮೆ ಬರೆದರು. ಯಾಕೆ ಬಿಟ್ಟೆ ಎಂದು ಅಕ್ಟೋಬರ್ 10ರಂದು ಸದನದಲ್ಲಿ ಹೇಳಿಕೆ ಕೊಡುವುದಿತ್ತು. ಹಿಂದೂ ಸಂಹಿತೆ ಮಸೂದೆಯನ್ನು ಕೊಂದದ್ದು, ಪರಿಶಿಷ್ಟ ಜಾತಿಗಳ ಬಗ್ಗೆ ಸರ್ಕಾರದ ಅಸಡ್ಡೆ, ವಿದೇಶಾಂಗ ನೀತಿ, ಎಲ್ಲವೂ ಆ ಹೇಳಿಕೆಯಲ್ಲಿತ್ತು. ಅವರು ಕೇಳಿದ ಹೊತ್ತಿಗೆ ಉಪಸಭಾಧ್ಯಕ್ಷರು ಮಾತಾಡಲು ಬಿಡಲಿಲ್ಲ. ಬಾಬಾಸಾಹೇಬರು ಸದನ ಬಿಟ್ಟು ಹೊರಗೆ ನಡೆದರು. ಹೇಳಿಕೆಯನ್ನು ಪತ್ರಿಕೆಯವರ ಕೈಗೆ ಕೊಟ್ಟರು. ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯ ವಿದಾಯದ ಮಾತು ಸದನದಲ್ಲಿ ಆಡಿದ ಮಾತಾಗಿ ನಡವಳಿಯಲ್ಲಿ ಉಳಿಯಲಿಲ್ಲ. ನಡವಳಿಯನ್ನು ಮಾತ್ರ ನಂಬಿ ಹುಡುಕುವವನಿಗೆ ಅಲ್ಲಿ ಸಿಗುವುದು ಒಬ್ಬ ಸದಸ್ಯ ಎದ್ದು ಹೋದ ಸದ್ದು. ಹೋದವನ ಎದೆಯಲ್ಲಿ ಏನಿತ್ತು ಎಂಬುದನ್ನು ಬೇರೆ ಕಡೆ, ಮಹಾರಾಷ್ಟ್ರ ಸರ್ಕಾರ ತಂದ ಅವರ ಬರಹ ಭಾಷಣಗಳ ಸಂಪುಟಗಳಲ್ಲಿ ಓದಬೇಕು.

ಇದ್ದ ಮಾತನ್ನು ಅರ್ಧ ಕಿತ್ತು ತರುವುದು ಇನ್ನೊಂದು ರೋಗ. 1953ರ ಸೆಪ್ಟೆಂಬರ್ 2ರಂದು, ಆಂಧ್ರ ರಾಜ್ಯ ಮಸೂದೆಯ ಚರ್ಚೆಯಲ್ಲಿ, ಈ ಸಂವಿಧಾನ ನನಗೆ ಬೇಡ, ಇದನ್ನು ಸುಡುವುದಾದರೆ ನಾನೇ ಮೊದಲಿಗ ಎಂಬರ್ಥದಲ್ಲಿ ಬಾಬಾಸಾಹೇಬರು ರಾಜ್ಯಸಭೆಯಲ್ಲಿ ಸಿಟ್ಟಿನಿಂದ ಗುಡುಗಿದರು. ಸಂವಿಧಾನವನ್ನು ಕಂಡರಾಗದವರಿಗೆ ಈ ಒಂದು ಸಾಲು ಬೆಲ್ಲ. ಎಲ್ಲಿ ನೋಡಿದರೂ ಇದನ್ನೇ ಹಂಚುತ್ತಾರೆ. ಆ ಸಾಲಿನ ಹಿಂದಿನ ಪುಟ ಓದಿದರೆ, ಅಲ್ಪಸಂಖ್ಯಾತರನ್ನು, ದುರ್ಬಲರನ್ನು ಬಹುಸಂಖ್ಯಾತರಿಂದ ಕಾಯುವುದು ಹೇಗೆ ಎಂಬ ಜಗಳ ಅಲ್ಲಿ ನಡೆಯುತ್ತಿತ್ತು ಎಂದು ತಿಳಿಯುತ್ತದೆ. ಮುಂದಿನ ಪುಟಕ್ಕಾಗಿ ಒಂದೂವರೆ ವರ್ಷ ಕಾಯಬೇಕು. 1955ರ ಮಾರ್ಚ್ 19ರಂದು ಅದೇ ಮನೆಯಲ್ಲಿ, ಆವತ್ತು ಹಾಗೆ ಯಾಕೆ ಹೇಳಿದಿರಿ ಎಂದು ಒಬ್ಬ ಸದಸ್ಯರು ಕೆಣಕಿದರು. ದೇವರಿಗೆಂದು ಗುಡಿ ಕಟ್ಟಿದೆವು, ದೇವರು ಬಂದು ಕೂರುವ ಮೊದಲೇ ದೆವ್ವ ಬಂದು ಕೂತರೆ ಗುಡಿಯನ್ನು ಕೆಡವದೆ ಇನ್ನೇನು ಮಾಡುವುದು ಎಂಬ ಧಾಟಿಯಲ್ಲಿ ಬಾಬಾಸಾಹೇಬರು ಉತ್ತರಿಸಿದರು. ಸಿಟ್ಟು ಗುಡಿಯ ಮೇಲಲ್ಲ, ಒಳಗೆ ಸೇರಿಕೊಂಡ ದೆವ್ವದ ಮೇಲೆ. ಮೊದಲ ಸಾಲನ್ನು ಹುಡುಕಿ ತೆಗೆದವನಿಗೆ ಎರಡನೆಯದು ಸಿಗದೇ ಇರಲು ಸಾಧ್ಯವಿಲ್ಲ. ಸಿಕ್ಕಿಯೂ ಬಚ್ಚಿಡುತ್ತಾನೆ.

ಕಿತ್ತು ತಂದ ಒಂದು ಪದ ಏನು ಮಾಡಬಲ್ಲದು ಎಂಬುದನ್ನು ಕರ್ನಾಟಕಕ್ಕೆ ಯಾರೂ ಕಲಿಸಬೇಕಾಗಿಲ್ಲ. 1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ಮಾತಿನಿಂದ ‘ಬೂಸಾ’ ಎಂಬ ಒಂದೇ ಪದವನ್ನು ಹೆಕ್ಕಿಕೊಂಡು ಬೀದಿಗಿಳಿದರು. ದಲಿತ ಹುಡುಗರನ್ನು ಬಡಿದರು. ಮಂತ್ರಿ ಪದವಿ ಹೋಯಿತು. ತಲೆ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟ ಮಂತ್ರಿ ಇವರೇ. ಅವರು ನಿಲ್ಲಿಸಹೊರಟ ಮೇಲೂ 1993ರಲ್ಲಿ ಅದಕ್ಕೆ ಕೇಂದ್ರದ ಕಾನೂನು ಬೇಕಾಯಿತು. ಸವಣೂರಿನಲ್ಲಿ ನಮ್ಮ ಭಂಗಿ ಅಣ್ಣತಮ್ಮಂದಿರು ಮೈಗೆ ಮಲ ಬಳಿದುಕೊಂಡು ಊರ ಮುಂದೆ ನಿಂತದ್ದು 2010ರ ಜುಲೈನಲ್ಲಿ. 2013ರಲ್ಲಿ ಮತ್ತೊಂದು ಕಾನೂನು. ಸತ್ತ ಹಾವನ್ನು ಯಾರಾದರೂ ಇಷ್ಟು ಸಲ ಹೊಡೆಯುತ್ತಾರೆಯೇ? ಸೊನ್ನೆ ಎಂದು ಬರೆದವರು ಇದಕ್ಕೆ ಉತ್ತರ ಕೊಡಬೇಕು.

ಕಡತ ಹೇಗೆ ತಯಾರಾಗುತ್ತದೆ ಎಂಬುದೂ ಗೊತ್ತಿರಬೇಕು. ಸದನದಲ್ಲಿ ಆಡಿದ ಮಾತು ಸಭ್ಯವಲ್ಲ ಎಂದು ಸಭಾಧ್ಯಕ್ಷರಿಗೆ ಕಂಡರೆ ಅದನ್ನು ಕಡತದಿಂದ ತೆಗೆದುಹಾಕಬಹುದು. ಲೋಕಸಭೆಯ ನಿಯಮಾವಳಿಯ 380ನೇ ನಿಯಮ ಆ ಅಧಿಕಾರ ಕೊಟ್ಟಿದೆ. ತೆಗೆದ ಜಾಗದಲ್ಲಿ ನಕ್ಷತ್ರ ಚಿಹ್ನೆಗಳಿರುತ್ತವೆ. ಸಿಟ್ಟು ಎಲ್ಲಿತ್ತೋ ಅಲ್ಲಿ ಈಗ ಚುಕ್ಕೆ. ಇನ್ನೊಂದು ಕಡೆ, ಬಾಯಿ ತೆರೆದು ಆಡದ ಮಾತೂ ಕಡತಕ್ಕೆ ಬರುತ್ತದೆ. ಹೊತ್ತು ಸಾಲದಿದ್ದಾಗ ಸದಸ್ಯರು ಬರೆದು ತಂದ ಭಾಷಣವನ್ನು ಸದನದ ಮೇಜಿನ ಮೇಲೆ ಇಟ್ಟುಬಿಡುತ್ತಾರೆ. ಅದೂ ಅವರ ಭಾಷಣವಾಗಿ ಅಚ್ಚಾಗುತ್ತದೆ. ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿ ಓದದವನು ಅದನ್ನು ಸದನದಲ್ಲಿ ಗುಡುಗಿದ ಮಾತು ಅಂದುಕೊಳ್ಳುತ್ತಾನೆ. ಆಡಿದ ಮಾತು ಅಳಿಸಿಹೋಗಬಹುದು, ಆಡದ ಮಾತು ಉಳಿಯಬಹುದು. ಇಂಥ ಬರಹವನ್ನು ಕಣ್ಣು ಮುಚ್ಚಿ ಸತ್ಯ ಎನ್ನುವುದೂ ಮೂರ್ಖತನ, ಬರೀ ಸುಳ್ಳು ಎಂದು ಬಿಸಾಡುವುದೂ ಮೂರ್ಖತನ.

ಭಾಷೆಯದು ಇನ್ನೊಂದು ಗೋಡೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಕನ್ನಡಿಗರೆಲ್ಲ ಹೆಮ್ಮೆಪಟ್ಟರು, ಪಡಬೇಕಾದ್ದೇ. ಆದರೆ ಕನ್ನಡದಲ್ಲಿ ಆಡಿದ ಮಾತು ಅಚ್ಚಾದ ನಡವಳಿಯಲ್ಲಿ ಬಹಳ ಸಲ ಇಂಗ್ಲಿಷ್ ಅನುವಾದವಾಗಿ ಕೂತಿರುತ್ತದೆ, ಮೂಲ ಕನ್ನಡದಲ್ಲಿತ್ತು ಎಂಬ ಒಂದು ಅಡಿಟಿಪ್ಪಣಿಯ ಜೊತೆಗೆ. ನಮ್ಮ ಪ್ರತಿನಿಧಿ ನಮ್ಮ ಮಾತಿನಲ್ಲಿ ‘ಕೇರಿ’ ಅಂದದ್ದು, ‘ಜೀತ’ ಅಂದದ್ದು ಇಂಗ್ಲಿಷಿಗೆ ಹೋಗಿ ಏನಾಯಿತೋ! ಕನ್ನಡದ ಪದ ಹಾಕಿ ಹುಡುಕುವ ಮೇಷ್ಟರಿಗೆ ಕನ್ನಡದವನ ಮಾತೇ ಸಿಗದೇ ಹೋಗಬಹುದು.

ಹಾಗಾದರೆ ಮಾತಾಡದವರ ಲೆಕ್ಕ? ಲೋಕಸಭೆಯ 543 ಸ್ಥಾನಗಳಲ್ಲಿ 84 ಪರಿಶಿಷ್ಟ ಜಾತಿಗೆ, 47 ಪರಿಶಿಷ್ಟ ಪಂಗಡಕ್ಕೆ ಮೀಸಲು. ಕರ್ನಾಟಕದ 28ರಲ್ಲಿ ಐದು ಪರಿಶಿಷ್ಟ ಜಾತಿಗೆ, ಎರಡು ಪರಿಶಿಷ್ಟ ಪಂಗಡಕ್ಕೆ. ಇಷ್ಟು ಜನ ಇದ್ದೂ ಸೊನ್ನೆ ಎಂಬ ಉತ್ತರ ಬಂದಾಗ ಸದನ ಯಾಕೆ ನಡುಗಲಿಲ್ಲ ಎಂದು ನಮ್ಮ ಹುಡುಗರು ಕೇಳುತ್ತಾರೆ. ಈ ಪ್ರಶ್ನೆಗೆ ಬಾಬಾಸಾಹೇಬರು 1945ರಲ್ಲೇ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದರು ಎಂದು ಕೇಳಿದ ಪುಸ್ತಕದಲ್ಲಿ ಉತ್ತರ ಬರೆದಿಟ್ಟಿದ್ದಾರೆ. ಪೂನಾ ಒಪ್ಪಂದದ ನಂತರ ಕಾಂಗ್ರೆಸ್ಸಿನಿಂದ ಗೆದ್ದ ಅಸ್ಪೃಶ್ಯ ಸದಸ್ಯರು ಪಕ್ಷಕ್ಕೆ ಬೇಡವಾದ ಪ್ರಶ್ನೆ ಕೇಳುವಂತಿರಲಿಲ್ಲ, ಪಕ್ಷ ಒಪ್ಪದ ಗೊತ್ತುವಳಿ ತರುವಂತಿರಲಿಲ್ಲ, ಮನಸ್ಸಿಗೆ ಬಂದಂತೆ ಓಟು ಹಾಕುವಂತಿರಲಿಲ್ಲ ಎಂದು ಅವರು ತೋರಿಸಿದರು. 1985ರಲ್ಲಿ 52ನೇ ತಿದ್ದುಪಡಿ ಬಂದ ಮೇಲೆ ಪಕ್ಷದ ವಿಪ್ ಮೀರಿ ಓಟು ಹಾಕಿದವನ ಸದಸ್ಯತ್ವವೇ ಹೋಗಬಹುದು. ಅಂದು ಪಕ್ಷದ ಶಿಸ್ತು ಮಾಡಿದ್ದನ್ನು ಇಂದು ಸಂವಿಧಾನದ ಹತ್ತನೇ ಅನುಸೂಚಿಯೇ ಮಾಡುತ್ತಿದೆ. ಸುಮ್ಮನಿದ್ದವನನ್ನು ನಾವು ಬಯ್ಯೋಣ, ಬಯ್ಯಲೇಬೇಕು. ಆದರೆ ಅವನ ಬಾಯಿಗೆ ಬೀಗ ಹಾಕಿದವರ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳೋಣ.

ಒಂದು ಮಾತು ಮಾತ್ರ ವಿಪ್ ಹಿಂದೆ ಅಡಗುವವರಿಗೆ ಹೇಳಬೇಕು. ವಿಪ್ ಇರುವುದು ಓಟಿಗೆ. ಪ್ರಶ್ನೆ ಕೇಳುವುದಕ್ಕೆ ವಿಪ್ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿವೆ. ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಸದನದಲ್ಲಿ ಆಡಿದ ಮಾತಿಗಾಗಿ ಯಾವ ಕೋರ್ಟೂ ಸದಸ್ಯನನ್ನು ಎಳೆಯುವಂತಿಲ್ಲ ಎಂದು 105ನೇ ವಿಧಿ ಕಾವಲು ನಿಂತಿದೆ. ಪಕ್ಷದ ಹುಬ್ಬು ಗಂಟಾಗಬಹುದು, ಮುಂದಿನ ಸಲ ಟಿಕೆಟ್ ತಪ್ಪಬಹುದು. ಊರಲ್ಲಿ ಕೆರೆಯ ನೀರು ಮುಟ್ಟಿ ಒದೆ ತಿಂದವನಿಗಿಂತ ಇದು ದೊಡ್ಡ ನಷ್ಟವೇ?

ಎಷ್ಟು ಸಲ ಮಾತಾಡಿದ, ಎಷ್ಟು ಪ್ರಶ್ನೆ ಕೇಳಿದ ಎಂದು ಎಣಿಸಿ ಸಂಸದರಿಗೆ ಅಂಕ ಕೊಡುವ ಚಾಳಿಯೂ ಈಗ ಬಂದಿದೆ. ಎಣಿಕೆ ಬೇಡ ಎನ್ನುವುದಿಲ್ಲ. ಆದರೆ ಎಣಿಕೆ ವಿಮರ್ಶೆಯಲ್ಲ. 1946ರ ಡಿಸೆಂಬರ್ 19ರಂದು ಜೈಪಾಲ್ ಸಿಂಗ್ ಮುಂಡಾ ಸಂವಿಧಾನ ರಚನಾ ಸಭೆಯಲ್ಲಿ, ಆದಿವಾಸಿಗೆ ಪ್ರಜಾಪ್ರಭುತ್ವ ಕಲಿಸುತ್ತೇವೆಂದು ಬರಬೇಡಿ, ಅವರಿಂದ ನೀವು ಕಲಿಯಬೇಕು ಎಂಬ ಒಂದು ಮಾತಾಡಿದರು. ನೂರು ಭಾಷಣಗಳ ತೂಕ ಅದಕ್ಕಿದೆ.

ಹಳ್ಳಿಯ ಮೇಷ್ಟರಿಗೆ, ಹಾಸ್ಟೆಲಿನ ಗೆಳೆಯರಿಗೆ, ಸಂಘಟನೆಯ ಕಾರ್ಯಕರ್ತರಿಗೆ ನಾವು ಹೇಳುವುದಿಷ್ಟೆ. ಒಂದು ಪದ ಹಾಕಿ ಸೊನ್ನೆ ಬಂದರೆ ನಿಲ್ಲಬೇಡಿ. ನಮ್ಮ ಪದ, ಅವರ ಪದ, ಹಳೆಯ ಪದ, ಕಾನೂನಿನ ಪದ, ಎಲ್ಲ ಹಾಕಿ ನೋಡಿ. ಪದ ಕೈ ಕೊಟ್ಟರೆ ತಾರೀಖು ಹಿಡಿಯಿರಿ. ನಿಮ್ಮ ಸೀಮೆಯಲ್ಲಿ ದೌರ್ಜನ್ಯ ನಡೆದ ದಿನದಿಂದ ಮುಂದಿನ ಅಧಿವೇಶನದ ದಿನಗಳನ್ನು ಒಂದೊಂದಾಗಿ ತೆರೆಯಿರಿ. ನಿಮ್ಮ ಪ್ರತಿನಿಧಿ ಆವತ್ತು ಯಾವ ಪ್ರಶ್ನೆ ಕೇಳಿದ್ದ, ಇಲ್ಲಾ ಯಾವ ವಿಷಯಕ್ಕೆ ಮೇಜು ಕುಟ್ಟುತ್ತಿದ್ದ, ನೋಡಿ. ಸಿಕ್ಕ ಸಾಲಿನ ಹಿಂದಿನ ಪುಟ ಒಂದು, ಮುಂದಿನ ಪುಟ ಒಂದು ಓದದೆ ಯಾರಿಗೂ ಕಳಿಸಬೇಡಿ. ಚುಕ್ಕೆಗಳನ್ನು ಎಣಿಸಿ. ಸಣ್ಣ ಅಕ್ಷರದ ಟಿಪ್ಪಣಿ ಓದಿ. ಸಿಕ್ಕದ್ದನ್ನು ಕನ್ನಡಕ್ಕೆ ತಂದು ಕೇರಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳಿ. ಓಟು ಕೇಳಲು ಬಂದವನ ಎದುರಿಗೆ ಅವನದೇ ಮಾತನ್ನು, ಅವನದೇ ಮೌನವನ್ನು ತಾರೀಖಿನ ಸಮೇತ ಇಡಿ.

ಮತ್ತು ಕವಿಗಳಿಗೊಂದು ಮಾತು. ಸುಪ್ರೀಂ ಕೋರ್ಟು 2014ರಲ್ಲಿ, 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಮನೆಯವರನ್ನೂ ಗುರುತಿಸಿ ಹತ್ತು ಲಕ್ಷ ಕೊಡಿ ಎಂದಿತು. 2023ರಲ್ಲಿ ಆ ಪರಿಹಾರವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಗುರುತಿಸಬೇಕಾದರೆ ಹೆಸರು ಬೇಕು, ಊರು ಬೇಕು, ಸತ್ತ ದಿನ ಬೇಕು. ಆ ಹೆಸರುಗಳು ಕೇರಿಯಲ್ಲಿವೆ, ಕಡತದಲ್ಲಿಲ್ಲ. ಸಂಕೇತ, ಪ್ರತಿಮೆ ಎಂದು ಹುಡುಕಾಡುವುದನ್ನು ಕೊಂಚ ಬದಿಗಿಟ್ಟು, ನಿಮ್ಮ ತಾಲ್ಲೂಕಿನಲ್ಲಿ ಗುಂಡಿಗೆ ಇಳಿದು ಮೇಲೆ ಬಾರದವರ ಹೆಸರನ್ನು ಮೊದಲು ಬರೆದಿಡಿ. ಅಲ್ಲಿ ಸೊನ್ನೆ ಎಂದು ಬರೆದಿದ್ದಾರೆ. ಇಲ್ಲಿ ನಾವು ಒಂದು, ಎರಡು, ಮೂರು ಎಂದು ಎಣಿಸಿ ಬರೆದು ಕಳಿಸೋಣ. ನಮ್ಮವರ ಸಾವಿಗೆ ಹೆಸರಿಡುವ ಕೆಲಸವನ್ನು ಇನ್ನು ಅವರಿಗೆ ಬಿಡುವುದು ಬೇಡ.